ಹಸಿ ದಂತ

ಆರ್.ಟಿ. ನಗರದ ಕುಸುರಿ ಕೆಲಸಗಾರ ಲಾಲ್ ಸಾಬ್ ಆನೆಯ ದಂತ ಮುಟ್ಟಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಸರ್ಕಾರ ದಂತದ ವ್ಯಾಪಾರ ನಿಲ್ಲಿಸಿದ ಮೇಲೆ ಬೀಟೆ ಮರದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹೂಬಳ್ಳಿ ಕೂರಿಸಿಯೇ ಅವರು ಸಂಸಾರ ತೂಗಿಸಿದ್ದರು.

೨೦೧೪ರಲ್ಲಿ ಕೊಡಿಗೇಹಳ್ಳಿಯ ಬಿಲ್ಡರ್ ಚನ್ನಕೇಶವ ತನ್ನ ಹೊಸ ಮನೆಯ ದೇವರ ಕೋಣೆಗೆ ಲಾಲ್ ಸಾಬರನ್ನು ಕರೆಸಿ ಬಾಗಿಲು ಮಾಡಿಸುತ್ತಿದ್ದ. ಒಂದು ಮಧ್ಯಾಹ್ನ ಟವೆಲಿನಲ್ಲಿ ಸುತ್ತಿದ್ದ ಮೊಳದುದ್ದದ ದಂತವನ್ನು ತಂದು ಅವರ ಮುಂದಿಟ್ಟ.

“ನಮ್ ತಾತನ ಕಾಲದ್ದು ಸಾಬ್ರೇ. ಪ್ಲಾಸ್ಟಿಕ್ ಬೇಡ, ಇದನ್ನೇ ಕೂರ್ಸಿ.”

ಹಳೆಯ ದಂತವಾದರೆ ಹಳದಿಗೆ ತಿರುಗಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಇದು ಹಾಲಿನಂತೆ ಬೆಳ್ಳಗಿತ್ತು. ಬುಡದ ಪೊಳ್ಳಿನಲ್ಲಿ ಮಾಂಸ ಕಪ್ಪಗೆ ಅಂಟಿಕೊಂಡು ನಾರುತ್ತಿತ್ತು. ಆನೆ ಸತ್ತು ತಿಂಗಳೂ ಆಗಿರಲಿಕ್ಕಿಲ್ಲ. ಅಷ್ಟು ಗೊತ್ತಾದರೂ ಕೈಗೆತ್ತಿಕೊಂಡದ್ದನ್ನು ಕೆಳಗಿಡಲು ಅವರಿಗೆ ಮನಸ್ಸು ಬರಲಿಲ್ಲ.

“ನಾಳೆ ಹೇಳ್ತೀನಿ” ಎಂದು ಎದ್ದು ಬಂದರು. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ತಮ್ಮ ಬಸ್ಸು ಎದುರಿಗೇ ಎರಡು ಸಲ ಬಂದು ಹೋದರೂ ಹತ್ತಲಿಲ್ಲ. ಮನೆಯಲ್ಲಿ ಹೆಂಡತಿ ತಾಹೆರಾ ಬಡಿಸಿದ ಅನ್ನ ಆರಿ ಹೋಯಿತು. ಕೊನೆಗೆ ಎಲ್ಲವನ್ನೂ ಹೇಳಿಕೊಂಡರು.

“ಮಾಡಲ್ಲ ಅಂದ್ಬಿಡಿ.”

“ನಾನಲ್ದಿದ್ರೆ ಇನ್ನೊಬ್ರು ಮಾಡ್ತಾರೆ.”

“ನಿಮಗೇ ಮಾಡೋ ಆಸೆ ಇದೆ” ಎಂದಳು ತಾಹೆರಾ.



ಮರುದಿನ ಬೆಳಿಗ್ಗೆ ಲಾಲ್ ಸಾಬ್ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಗೇಟಿನವರೆಗೆ ಹೋಗಿ ವಾಪಸ್ ಬಂದರು, ಟೀ ಅಂಗಡಿಯ ಮುಂದೆ ನಿಂತರು, ಮತ್ತೆ ಹೋದರು. ಒಳಗೆ ಕಾಲಿಟ್ಟ ಮೇಲೆ ಮಾತು ತಾನಾಗಿ ಬಂತು. ಸಂಜೆಯೊಳಗೆ ಚನ್ನಕೇಶವನ ಮನೆಯಲ್ಲಿ ದಂತ ಸಿಕ್ಕಿತು. ಅದನ್ನು ಮಾರಿದವನ ಗೋಡೌನಿನಲ್ಲಿ ಇನ್ನೂ ಮೂರು ಸಿಕ್ಕವು.

ಕೇಸು ಎಳೆಯಿತು. ಜಾಮೀನಿನ ಮೇಲೆ ಬಂದ ಚನ್ನಕೇಶವ ಕೋರ್ಟಿನ ಮೆಟ್ಟಿಲ ಮೇಲೆ ಎದುರಾದ.

“ಕೆಲ್ಸ ಕೊಟ್ಟೋನ್ಗೆ ಇಂಗ್ ಮಾಡ್ಬೋದಾ ಸಾಬ್ರೇ?”

 ಲಾಲ್ ಸಾಬ್ ಪಕ್ಕಕ್ಕೆ ಸರಿದು ಒಳಗೆ ಹೋದರು.

ಚನ್ನಕೇಶವನ ವಕೀಲರು ಆ ದಂತವನ್ನು ಸಾಕ್ಷಿ ಹೇಳಲು ನಿಂತ ಲಾಲ್ ಸಾಬರ ಕೈಗೆ ಕೊಡಿಸಿದರು.

“ಇದು ಹೊಸದು ಅಂತ ನಿಮಗೆ ಹೇಗೆ ಗೊತ್ತು?”

“ಹತ್ತು ವರ್ಷ ಇದ್ರಲ್ಲೇ ಕೆಲ್ಸ ಮಾಡಿದೀನಿ ಸ್ವಾಮಿ.”

“ಆಗ ನಿಮ್ಮ ಕೈಗೆ ಬರ್ತಿದ್ದದ್ದು ಯಾವ ಆನೆದು, ಹೇಗೆ ಸತ್ತಿದ್ದು ಅಂತ ಕೇಳ್ತಿದ್ರಾ?”

ಅಂಥದೊಂದು ಪ್ರಶ್ನೆ ಇದೆ ಎಂಬುದೇ ಆ ವಯಸ್ಸಿನಲ್ಲಿ ಅವರಿಗೆ ಹೊಳೆದಿರಲಿಲ್ಲ.

“ಇಲ್ಲ ಸ್ವಾಮಿ. ಒಂದ್ಸಲವೂ ಕೇಳ್ಲಿಲ್ಲ.”

ಐದನೇ ವರ್ಷಕ್ಕೆ ಚನ್ನಕೇಶವನಿಗೂ ಮಾರಿದವನಿಗೂ ಜೈಲಾಯಿತು. ಕೊಡಿಗೇಹಳ್ಳಿ ಕಡೆಯವರು ಯಾರೂ ಲಾಲ್ ಸಾಬರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅದು ಅವರನ್ನು ಅಷ್ಟಾಗಿ ಕಾಡಲಿಲ್ಲ. ಆ ಹತ್ತು ವರ್ಷದಲ್ಲಿ ತಮ್ಮ ಉಳಿಯ ಕೆಳಗೆ ಎಷ್ಟು ಆನೆ ಬಂದವೋ ಎಂದು ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕುತ್ತಾರೆ. ಒಂದೊಂದು ದಿನ ಒಂದೊಂದು ಸಂಖ್ಯೆ ಬರುತ್ತದೆ.