ಕೈ ಒರೆಸುವ ಬಟ್ಟೆ

ಸೊಸೆ ಹೋದ ಸುದ್ದಿ ಬಂದಾಗ ಅಜ್ಜಿ ಮೊಮ್ಮಗಳ ಕೈ ಒರೆಸುತ್ತಿದ್ದರು. ಬೆಳಗಿನ ಹನ್ನೊಂದು ಗಂಟೆ. ಮಗು ಬಾಳೆಹಣ್ಣನ್ನು ಮೊಣಕೈವರೆಗೂ ಮೆತ್ತಿಕೊಂಡು ಕೂತಿತ್ತು. ಫೋನಿನಲ್ಲಿ ಮಗ, "ಅಮ್ಮಾ, ಮಗೂನ ಕೆಳಗೆ ಇಳಿಸಿ ನೀನು ಕೂತ್ಕೋ," ಎಂದ. ಕಚೇರಿಯ ಮೆಟ್ಟಿಲ ಮೇಲೆ ಕುಸಿದವಳು ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ಬಿಟ್ಟಿದ್ದಳು.

ಆ ದಿನ ಬೆಳಿಗ್ಗೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದದ್ದೂ ಈ ಒರೆಸುವ ವಿಷಯಕ್ಕೇ. ಮೊದಲ ಹುಟ್ಟುಹಬ್ಬದ ದಿನ ಸ್ಟುಡಿಯೋದಲ್ಲಿ ಮಗುವಿನ ಮುಂದೆ ಕೇಕ್ ಇಟ್ಟು, ಅದು ಎರಡೂ ಕೈ ಹಾಕಿ ಬಳಿದುಕೊಳ್ಳುವಾಗ ಫೋಟೋ ತೆಗೆಸಬೇಕೆಂದು ಸೊಸೆಗೆ ಆಸೆ. ಅಂಟು ಕೈಗೆ ಮಗು ಹೆದರಬಾರದಲ್ಲ, ಅದಕ್ಕೇ ದಿನವೂ ಹಣ್ಣನ್ನೋ ಮೊಸರನ್ನೋ ಮುಂದಿಟ್ಟು ಆಡಲು ಬಿಡುತ್ತಿದ್ದಳು. ಅಜ್ಜಿಗೆ ಅದನ್ನು ಕಂಡರಾಗದು. ಒದ್ದೆ ಬಟ್ಟೆ ಹಿಡಿದು ಬಂದೇಬಿಡುತ್ತಿದ್ದರು. "ಬಂತು ನೋಡು ಕಂದ, ಒರೆಸೋ ಇಲಾಖೆ," ಎಂದು ಸೊಸೆ ನಗುತ್ತಿದ್ದಳು. ಆ ದಿನ ನಗಲಿಲ್ಲ. ತಾಯಿಯಾದವಳಿಗೆ ಇಷ್ಟೂ ಶುಚಿ ಗೊತ್ತಿಲ್ಲವೇ ಎಂದು ಅಜ್ಜಿ ಅಂದಕೂಡಲೇ ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಆಮೇಲಿನ ಮೂರು ವಾರ ಅಜ್ಜಿ ಒರೆಸಿದ್ದೇ ಒರೆಸಿದ್ದು. ಮಗು ಉಂಡರೂ ಒರೆಸಿದರು, ಅತ್ತರೂ ಒರೆಸಿದರು. ಒರೆಸುವಷ್ಟು ಹೊತ್ತು ಕೈಗೆ ಕೆಲಸವಿರುತ್ತಿತ್ತು.

ಹುಟ್ಟುಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮುಂದೆ ನಿಂತಿದ್ದ. ಹೆಂಡತಿಯ ಅಕ್ಷರ, ಫೋಟೋಗೆ ತಯಾರಿಯ ಪಟ್ಟಿ. ಚೆನ್ನಾಗಿ ನಿದ್ದೆ ಮಾಡಿಸುವುದು, ಅರೆಹೊಟ್ಟೆ ತಿನ್ನಿಸುವುದು, ದಿನಾ ಹತ್ತು ನಿಮಿಷ ಕೆನೆಯಲ್ಲಿ ಆಡಿಸುವುದು. ಕೊನೆಗೆ, ಅಡಿಗೆರೆ ಎಳೆದು: ಅತ್ತೆಯನ್ನು ಒಪ್ಪಿಸುವುದು.

"ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಅಮ್ಮಾ," ಎಂದ ಮಗ. "ಇದಾದ್ರೂ ನಡೀಲಿ."

ಅಜ್ಜಿ ಆಗಲೇ ತಟ್ಟೆಯಲ್ಲಿ ಕೆನೆ ಹಾಕಿ ಮಗುವಿನ ಮುಂದಿಟ್ಟರು. ಮಗು ಒಂದು ಬೆರಳು ತಾಗಿಸಿತು, ಬೆರಳು ನೋಡಿಕೊಂಡಿತು, ಎರಡೂ ಕೈ ಮೇಲೆತ್ತಿ, ಒರೆಸುವವರೆಗೂ ಚೀರಿತು. ತಾಯಿ ತಿಂಗಳುಗಟ್ಟಲೆ ಕಲಿಸಿದ್ದನ್ನು ತಾವು ಮೂರು ವಾರದಲ್ಲಿ ಒರೆಸಿಹಾಕಿದ್ದರು.

ಚಮಚಕ್ಕೆ ಹಚ್ಚಿ ಕೊಟ್ಟರು, ಪಾದಕ್ಕೆ ಹಚ್ಚಿ ನೋಡಿದರು, ಗೊಂಬೆಯ ಮೂಗಿಗೂ ಬಳಿದರು. ನಾಲ್ಕು ದಿನವೂ ಅದೇ ಚೀರಾಟ. ಪ್ರಾರ್ಥನೆಗೆ ಕೂತರೆ ದೇವರ ಹೆಸರಿನ ಬದಲು ಆ ಚೀಟಿಯ ಕೊನೆಯ ಸಾಲೇ ಬಾಯಿಗೆ ಬರುತ್ತಿತ್ತು.

ಸ್ಟುಡಿಯೋದಲ್ಲಿ ಸೊಸೆಯೇ ಆರಿಸಿಟ್ಟಿದ್ದ ಹಳದಿ ಪರದೆ ಕಟ್ಟಿದ್ದರು. ಮಗು ನಿದ್ದೆ ಮಾಡಿ ಎದ್ದಿತ್ತು, ಅರೆಹೊಟ್ಟೆ ತಿಂದಿತ್ತು. ಎಲ್ಲವೂ ಚೀಟಿಯಂತೆಯೇ. ಕೇಕ್ ಮುಂದಿಟ್ಟದ್ದೇ ತಡ, ಎರಡೂ ಕೈ ಮೇಲಕ್ಕೆ ಹೋದವು. ಫೋಟೋ ತೆಗೆಯುವ ಹೆಂಗಸು ಗಂಟೆ ಆಡಿಸಿದಳು, ಸೋಪಿನ ಗುಳ್ಳೆ ಊದಿದಳು. ಅರ್ಧ ಗಂಟೆಯಾದ ಮೇಲೆ, ಇನ್ನೊಂದು ದಿನ ಬನ್ನಿ ಎಂದು ಮೆತ್ತಗೆ ಹೇಳಿದಳು. ಮಗ ಗೋಡೆಯ ಕಡೆ ಮುಖ ತಿರುಗಿಸಿದ.

ಅಜ್ಜಿ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತರು. ಹೆಗಲ ಮೇಲಿನ ಒರೆಸುವ ಬಟ್ಟೆ ಜಾರಿ ಬಿತ್ತು. ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಕೇಕಿನೊಳಗೆ ಹುಗಿದರು.

"ನೋಡು ಕಂದ, ಅಜ್ಜಿ ಕೈನೂ ಕೊಳೆ ಆಯ್ತು. ಏನೂ ಆಗಲ್ಲ. ನಿಮ್ಮಮ್ಮ ಹೇಳಿದ್ದೇ ಸರಿ."

ಮಗು ಅಳು ನಿಲ್ಲಿಸಿ ಆ ಕೈಗಳನ್ನೇ ನೋಡಿತು. ಅಂಬೆಗಾಲಿಟ್ಟು ಹೋಗಿ ಬಿದ್ದಿದ್ದ ಬಟ್ಟೆ ಹಿಡಿದು ತಂದು, ಬಹಳ ಗಂಭೀರವಾಗಿ, ಅಜ್ಜಿಯ ಬೆರಳುಗಳನ್ನು ಒರೆಸತೊಡಗಿತು. ಒರೆಸಿದಷ್ಟೂ ಕೆನೆ ಅದರ ಅಂಗೈಗೆ, ಮೊಣಕೈಗೆ, ಮೂಗಿಗೆ ಹತ್ತಿತು. ಅದಕ್ಕೆ ಗಮನವೇ ಇಲ್ಲ, ಕೆಲಸ ಮುಗಿದಿರಲಿಲ್ಲ. ಕ್ಯಾಮೆರಾ ಒಂದೇ ಸಮನೆ ಸದ್ದು ಮಾಡುತ್ತಿತ್ತು.

ಅಜ್ಜಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೈಗಳನ್ನು ಮಗುವಿಗೆ ಬಿಟ್ಟುಕೊಟ್ಟು, ತುಟಿಯೊಳಗೇ ಬೇಡಿಕೊಂಡರು: ದೇವರೇ, ನಾನಾಡಿದ ಮಾತನ್ನು ಹೊತ್ತುಕೊಂಡೇ ಅವಳು ನಿನ್ನ ಬಾಗಿಲಿಗೆ ಬಂದಳು. ಆ ಹೊರೆ ಇಳಿಸು, ಅದು ನನ್ನದು, ನನಗೇ ಕೊಡು. ನನ್ನ ಹುಡುಗಿ ನಿನ್ನ ನೆರಳಲ್ಲಿ ನೆಮ್ಮದಿಯಾಗಿರಲಿ.