ಬಾಗಿಲ ಪುಸ್ತಕದ ಹನ್ನೊಂದು ಮಂದಿ

ಭಾನುವಾರ ಊರಿನ ಚಿತ್ರಗಳ ಕಲಾಮಂದಿರ ತೆರೆಯಬೇಕೋ ಬೇಡವೋ ಎಂಬ ಜಗಳಕ್ಕೆ ನನ್ನ ಪುಸ್ತಕವನ್ನೇ ಸಾಕ್ಷಿ ಮಾಡಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಅಲ್ಲಿ ಬಾಗಿಲು ಕಾಯುತ್ತಿದ್ದ ಕರ್ರನ್. ಮಂದಿರದ ಸಮಿತಿಗೆ ಅಧ್ಯಕ್ಷರು ಸೆನೆಟರ್ ಥ್ಯಾಕ್ಸ್ಟನ್, ಹನ್ನೆರಡು ವರ್ಷ ವಾಷಿಂಗ್ಟನ್ನಿನಲ್ಲಿ ಕೂತು ಬಂದವರು. "ಬರೋರಲ್ಲಿ ದೊಡ್ಡೋರೆಷ್ಟು, ಕೂಲಿಯೋರೆಷ್ಟು, ಬರ್ಕೊಂಡು ಹೋಗು" ಎಂದಿದ್ದರು. ಕೋಟು ಕಂಡರೆ ದೊಡ್ಡವರು, ಕೆಲಸದ ಬಟ್ಟೆ ಕಂಡರೆ ಕೂಲಿಯವರು ಎಂದು ಬರೆಯುತ್ತಾ ಹೋದೆ. ವರ್ಷಕ್ಕೆ ಕೂಲಿಯವರು ಹನ್ನೊಂದೇ ಮಂದಿ.

ಶನಿವಾರ ಊರಿನವರ ಸಭೆಯಲ್ಲಿ ಸೆನೆಟರ್ ಪುಸ್ತಕ ಎತ್ತಿ ತೋರಿಸಿದರು. "ಇವರಿಗೆ ಚಿತ್ರ ಬೇಕಿಲ್ಲ. ದೇವರ ದಿನ ಯಾಕೆ ಕೆಡಿಸೋದು?"

ಕಲ್ಲುಕುಟಿಗ ವೊಯ್ತೆಕ್ ಎದ್ದ. ಮಂದಿರದ ಕಮಾನು ಕೆತ್ತಿದವನು ಅವನೇ. "ನಾನು ಮೂರು ಸಲ ಬಂದಿದೀನಿ ಸ್ವಾಮಿ, ಕೂಲಿ ಬಿಟ್ಟು. ನನ್ನ ಹೆಂಡ್ತಿ ಇನ್ನೂ ಒಳಗೆ ಕಾಲಿಟ್ಟಿಲ್ಲ. ಗಿರಣೀಲಿ ಅವಳಿಗೆ ಭಾನುವಾರ ಒಂದೇ ರಜ."

"ಪುಸ್ತಕದಲ್ಲಿಲ್ಲವಲ್ಲಪ್ಪ."

ಆಗ ನನಗೆ ಹೊಳೆಯಿತು. ಚಿತ್ರದ ಮುಂದೆ ನಿಲ್ಲುವುದಕ್ಕೆಂದು ಅವನು ಮೂರು ಸಲವೂ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ಕೂಲಿಯವರಲ್ಲಿ ಹೆಚ್ಚಿನವರು ಹಾಗೇ ಬಂದಿದ್ದರು. ಅವರನ್ನೆಲ್ಲ ದೊಡ್ಡವರ ಸಾಲಿಗೆ ಸೇರಿಸಿದ್ದ ದಡ್ಡ ನಾನೇ. ಎದ್ದು ನಿಂತು ತಪ್ಪೊಪ್ಪಿಕೊಂಡೆ.

ಸೆನೆಟರ್ ನಕ್ಕರು. "ಕೋಟು ಕೊಳ್ಳೋ ತಾಕತ್ತಿದ್ದೋನಿಗೆ ಒಂದು ದಿನದ ಕೂಲಿ ಬಿಡೋ ತಾಕತ್ತಿಲ್ವಾ?"

ಸಮಿತಿಯ ಸದಸ್ಯರೂ ನಕ್ಕರು. ವೊಯ್ತೆಕ್‌ಗಿದ್ದದ್ದು ಆ ಒಂದೇ ಕೋಟು, ಮದುವೆಯದು, ಮೊಣಕೈ ಸವೆದು ಹೋಗಿತ್ತು. ನಗುವವರ ಕಣ್ಣಿಗೆ ಅದು ಹೇಗೆ ಕಂಡೀತು? ಮತ ಹಾಕಿ, ಭಾನುವಾರ ಬಾಗಿಲು ಮುಚ್ಚಿಯೇ ಇರಲಿ ಎಂದು ತೀರ್ಮಾನಿಸಿದರು.

ಸೋಮವಾರ ಮಧ್ಯಾಹ್ನ ವೊಯ್ತೆಕ್ ಹತ್ತು ಜನ ಕಲ್ಲುಕುಟಿಗರನ್ನು ಕೆಲಸದ ಬಟ್ಟೆಯಲ್ಲೇ ಕರೆತಂದ. ಹುಬ್ಬಿನ ಮೇಲೂ ಕಲ್ಲಿನ ಪುಡಿ.

"ಈಗ ನೆಟ್ಟಗೆ ಬರ್ಕೊಳ್ಳಯ್ಯ, ಕರ್ರನ್."

ಬರೆಯುತ್ತಿದ್ದೆ. ಅಷ್ಟರಲ್ಲಿ ಸೆನೆಟರ್ ಮೆಟ್ಟಿಲಿಳಿದು ಬಂದರು. "ಈ ಧೂಳಲ್ಲಿ ಒಳಗೆ ಬಿಡ್ತೀಯೇನೋ? ಮನೆಗೆ ಹೋಗಿ ಒಳ್ಳೆ ಬಟ್ಟೆ ಹಾಕ್ಕೊಂಡು ಬರ್ಲಿ."

"ಹಾಕ್ಕೊಂಡು ಬಂದ್ರೆ ಯಾರು ಅಂತ ಬರೀಲಿ, ಸ್ವಾಮಿ?"

"ತಲೆಹರಟೆ ಸಾಕು. ಬಾಗಿಲು ಹಾಕು."

ಹದಿನಾಲ್ಕು ವರ್ಷ ಅವರು ಹೇಳಿದ್ದೆಲ್ಲ ಮಾಡಿದ್ದೆ. ಅವತ್ತು ಆಗಲಿಲ್ಲ. ಮಂದಿರದವರು ಕೊಟ್ಟಿದ್ದ ಹಿತ್ತಾಳೆ ಗುಂಡಿಯ ಕೋಟು ಬಿಚ್ಚಿ, ಪುಸ್ತಕದ ಜೊತೆ ಮೇಜಿನ ಮೇಲಿಟ್ಟೆ. ಬರೀ ಅಂಗಿಯಲ್ಲಿ ಹೊರಗೆ ಹೋಗಿ ವೊಯ್ತೆಕ್‌ನ ಪಕ್ಕ ನಿಂತೆ.

ಬಾಗಿಲನ್ನು ಸೆನೆಟರೇ ಎಳೆದುಕೊಳ್ಳಬೇಕಾಯಿತು. ಓಕ್ ಮರದ ಭಾರೀ ಬಾಗಿಲು ಅದು. ಅರ್ಧ ಎಳೆಯುವಷ್ಟರಲ್ಲಿ ಅವರಿಗೆ ಏದುಸಿರು ಬಂತು, ನಮ್ಮ ಕಡೆ ನೋಡಿದರು. ನಾವು ಹನ್ನೆರಡು ಜನರೂ ಕೈಕಟ್ಟಿಕೊಂಡು ನಿಂತಿದ್ದೆವು.