ಹಸಿದ ಚಿಗಟ, ಉಂಡ ಚಿಗಟ

ವೊಡೊಂಗಾ ಪಟ್ಟಣದ ನದಿನೀರಿನ ಪ್ರಯೋಗಶಾಲೆಯಲ್ಲಿ ಸಹಾಯಕಿ ಗ್ಲೆನಿಸ್ ಟ್ರಹೇರಳ ಹೆಸರು ಯಾವ ಬಾಗಿಲ ಮೇಲೂ ಇರಲಿಲ್ಲ. ಆದರೆ ಕೊನೆಯ ಕೋಣೆಯ ಹನ್ನೆರಡು ಗಾಜಿನ ತೊಟ್ಟಿಗಳಲ್ಲಿ ಕುಪ್ಪಳಿಸುವ, ಸಾಸಿವೆಯಷ್ಟು ಪುಟ್ಟ, ಪಾರದರ್ಶಕ ಮೈಯ ನೀರುಚಿಗಟಗಳು ಅವಳವೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಅಪ್ಪನ ಹೈನಿನ ಫಾರ್ಮಿನ ಹೊಂಡದಿಂದ ಜಾಮಿನ ಬಾಟಲಿಯಲ್ಲಿ ಒಂದೇ ಒಂದು ಹೆಣ್ಣು ಚಿಗಟ ತಂದಿದ್ದಳು. ಗಂಡಿನ ಹಂಗಿಲ್ಲದೆ ಹಡೆಯುವ ಜಾತಿ ಅದು. ಮಗಳು, ಮೊಮ್ಮಗಳು, ಮರಿಮಗಳು ಅಂತ ಆ ಸಂಸಾರ ಸಾವಿರಗಟ್ಟಲೆ ಬೆಳೆದಿತ್ತು. ಅಪ್ಪ ಹೋದರು, ಹೊಂಡ ಮುಚ್ಚಿ ಅದರ ಮೇಲೆ ಗೋದಾಮು ಎದ್ದಿತು. ಉಳಿದದ್ದು ಈ ಚಿಗಟಗಳು ಮಾತ್ರ.

ಅಂಥವನ್ನು ಸೋಮವಾರ ಚರಂಡಿಗೆ ಚೆಲ್ಲಿ ಹೊಸ ತಳಿ ತರಿಸುವುದೆಂದು ಬುಧವಾರ ಬೆಳಗಿನ ಚಹಾದ ಹೊತ್ತಿಗೆ ಮುಖ್ಯಸ್ಥ ಹೆಡ್ಲಿ ಹೇಳಿದಾಗ, ಗ್ಲೆನಿಸ್ ಅದ್ದುತ್ತಿದ್ದ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

"ಯಾಕಂತೆ?"

"ಕೆಟ್ಟಿವೆ ಗ್ಲೆನ್. ತಳಿಗೆ ವಯಸ್ಸಾಯ್ತು. ಮರೀಕಾ, ನೀನೇ ಹೇಳಮ್ಮ."

ಮರೀಕಾ ಹೋದ ವರ್ಷವಷ್ಟೇ ಬಂದ ಸಂಶೋಧಕಿ. ಕಣ್ಣಿಗೆ ಕಾಣದಷ್ಟು ನುಣ್ಣಗಿನ ನ್ಯಾನೊಪ್ಲಾಸ್ಟಿಕ್ಕನ್ನು ಈ ಜೀವಿಗಳು ಎಷ್ಟು ನುಂಗುತ್ತವೆ, ಎಷ್ಟು ಹೊರಹಾಕುತ್ತವೆ ಎಂಬುದೇ ಅವಳ ಅಧ್ಯಯನ. ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಪ್ಲಾಸ್ಟಿಕ್ ಪುಡಿ ತಿನ್ನಿಸಿ, ಆಮೇಲೆ ಶುದ್ಧ ನೀರಿಗೆ ಬಿಟ್ಟು, ಗಂಟೆಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು.

"ಬೇರೆ ಕಡೆಯವು ನಾಲ್ಕೈದು ಗಂಟೇಲಿ ಹೊರಗೆ ಹಾಕ್ತವಂತೆ," ಎಂದಳು ಮರೀಕಾ ತಲೆ ತಗ್ಗಿಸಿ. "ನಮ್ಮವು ಇಡೀ ದಿನ ಕಳೆದ್ರೂ ಹಂಗೇ ಹಸಿರು. ಮೂರು ಸಲ ಮಾಡಿ ನೋಡ್ದೆ ಗ್ಲೆನಿಸ್."

"ಆ ಶುದ್ಧ ನೀರಲ್ಲಿ ತಿನ್ನೋಕೆ ಏನು ಹಾಕಿದ್ದೆ?"

"ಏನೂ ಇಲ್ಲ. ನೀರು ಶುದ್ಧ ಇರ್ಬೇಕಲ್ವಾ?"

ಗ್ಲೆನಿಸ್ ಕಪ್ಪನ್ನು ಕುಕ್ಕಿದಳು. "ಅಯ್ಯೋ ನನ್ನ ಕರ್ಮವೇ! ಹಸೂಗೆ ಹುಲ್ಲು ಹಾಕ್ದೆ, ಹಿಂದೆ ಬಕೆಟ್ ಹಿಡ್ಕೊಂಡು ಸಗಣಿಗೆ ಕಾಯ್ತಾ ನಿಂತಿದ್ದೀಯಲ್ಲೇ! ಮುಂದಿನಿಂದ ಏನಾದ್ರೂ ಒಳಗೆ ಹೋದ್ರೆ ತಾನೆ ಹಿಂದಿನಿಂದ ಹೊರಗೆ ಬರೋದು?"

ಹೆಡ್ಲಿ ನಕ್ಕುಬಿಟ್ಟ. "ಇದು ಕೊಟ್ಟಿಗೆ ಅಲ್ಲ ಕಣೇ."

"ಕೊಟ್ಟಿಗೇಲಿ ಬೆಳೆದಿದ್ರೆ ನಿಂಗೆ ಇಷ್ಟು ಹೊತ್ತಿಗೆ ಬುದ್ಧಿ ಬಂದಿರ್ತಿತ್ತು ಮಾರಾಯ. ನಾಳೆ ಎರಡು ಬೀಕರ್ ಇಡಿ. ಒಂದಕ್ಕೆ ಊಟ, ಒಂದಕ್ಕೆ ಉಪವಾಸ. ನಾನು ಸೋತ್ರೆ ನನ್ನ ಕೈಯಾರೆ ಚರಂಡಿಗೆ ಸುರೀತೀನಿ."

ಮಾತೇನೋ ಜೋರಾಗಿ ಆಡಿದಳು. ಆಮೇಲೆ ತೊಳೆದ ಕಪ್ಪನ್ನೇ ಮತ್ತೆ ತೊಳೆದಳು. ಸೋತರೆ ಅಪ್ಪನ ಹೊಂಡದ ಕೊನೆಯ ಹನಿಯನ್ನೂ ಅವಳೇ ಚೆಲ್ಲಬೇಕಿತ್ತು.

ಮರುದಿನ ಮರೀಕಾ ಹಸಿರು ಹೊಟ್ಟೆಯ ಚಿಗಟಗಳನ್ನು ಬೀಕರಿಗೆ ಹತ್ತರಂತೆ ಬಿಟ್ಟಳು. ಒಂದು ಬೀಕರಿಗೆ ಗ್ಲೆನಿಸ್ ಪಾಚಿನೀರನ್ನು ಹನಿ ಹನಿಯಾಗಿ ಹಾಕಿದಳು. ಎಷ್ಟು ಹಾಕಬೇಕೆಂಬುದು ಅವಳ ಕೈಗೇ ಗೊತ್ತಿತ್ತು.

ಗಂಟೆ ಕಳೆದ ಮೇಲೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ ಮರೀಕಾ ಅದರ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದಳು.

"ಏನೇ ಆಯ್ತು? ಬಾಯಿಬಿಟ್ಟು ಹೇಳೇ!"

"ನೀನೇ ನೋಡು ಬಾ."

ಗ್ಲೆನಿಸ್ ನೋಡಿದಳು. ನೀಲಿ ಬೆಳಕಿನಲ್ಲಿ ಪಾಚಿ ಕೆಂಪಾಗಿ ಹೊಳೆಯುತ್ತದೆ. ಉಂಡ ಚಿಗಟದ ಬಾಯಿಯ ಕಡೆಯಿಂದ ಆ ಕೆಂಪು ಒತ್ತಿಕೊಂಡು ಬರುತ್ತಿತ್ತು, ಅದರ ಮುಂದೆ ಹಸಿರು ಹಿಂದಕ್ಕೆ ಸರಿದು ಉಂಡೆಯಾಗಿ ಹೊರಬೀಳುತ್ತಿತ್ತು. ಪಕ್ಕದ ಬೀಕರಿನ ಹಸಿದ ಚಿಗಟದಲ್ಲಿ ಹಸಿರು ನಿಂತಲ್ಲೇ ನಿಂತಿತ್ತು.

ಹೆಡ್ಲಿ ಎರಡನ್ನೂ ಮೂರು ಮೂರು ಸಲ ನೋಡಿದ. "ಹತ್ತಕ್ಕೆ ಹತ್ತೂ?"

"ಒಂಬತ್ತು," ಎಂದಳು ಗ್ಲೆನಿಸ್. "ಒಂದು ಸೋಮಾರಿ. ನಮ್ಮ ಅತ್ತಿಗೆ ಥರ."

ಮಧ್ಯಾಹ್ನದ ಹೊತ್ತಿಗೆ ಆ ಸೋಮಾರಿಯ ಹೊಟ್ಟೆಯೂ ಕೆಂಪಾಯಿತು. ಆದರೆ ಕೆಲವುಗಳ ಕರುಳಿನ ಅಂಚಿನಲ್ಲಿ ತೆಳ್ಳನೆಯ ಹಸಿರು ಉಳಿದೇ ಇತ್ತು. ಮರೀಕಾ ಸಂಕೋಚದಿಂದ ಅದನ್ನು ತೋರಿಸಿದಳು. "ಪೂರ್ತಿ ಹೋಗಿಲ್ಲ ಗ್ಲೆನಿಸ್."

"ಹೋಗಿಲ್ಲ ಅಂದ್ರೆ ಹೋಗಿಲ್ಲ ಅಂತ್ಲೇ ಬರಿ. ನನ್ನ ಚಿಗಟ ಸುಳ್ಳು ಹೇಳಲ್ಲ. ಸರಿಯಾಗಿ ಕೇಳ್ಬೇಕು ಅಷ್ಟೆ."

ಹೆಡ್ಲಿ ಕತ್ತು ಕೆರೆದುಕೊಂಡ. "ತಪ್ಪಾಯ್ತು ಗ್ಲೆನ್. ಇಷ್ಟು ವರ್ಷ ಪಕ್ಕದ ಕೋಣೇಲೇ ಇದ್ದೆ, ನಿನ್ನನ್ನ ಒಂದು ಮಾತು ಕೇಳ್ಲಿಲ್ಲ."

ಹೊಸ ತಳಿ ಬೇಡವೆನ್ನಲು ಅವನು ಅದನ್ನು ಕಳಿಸಬೇಕಿದ್ದ ಹೋಬಾರ್ಟಿನ ಪ್ರಯೋಗಶಾಲೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ಅಲ್ಲಿಯವರು ಕೇಳಿಸಿಕೊಂಡು, ಹಾಗಾದರೆ ನಿಮ್ಮ ತಳಿಯನ್ನೇ ನಮಗೆ ಕಳಿಸಿ ಎಂದರು.

ಸೋಮವಾರ ಬೆಳಿಗ್ಗೆ ಗ್ಲೆನಿಸ್ ಚಿಗಟಗಳನ್ನು ಚರಂಡಿಗೆ ಬಿಡುವ ಬದಲು ಬಾಟಲಿಗೆ ತುಂಬಿದಳು. ಬಾಟಲಿಯ ಚೀಟಿಯಲ್ಲಿ ತಳಿಯ ಹೆಸರಿನ ಜಾಗದಲ್ಲಿ 'ಟ್ರಹೇರ್ ಹೊಂಡ' ಎಂದು ದಪ್ಪಕ್ಷರದಲ್ಲಿ ಬರೆದು, ಸ್ವಲ್ಪ ಯೋಚಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದಳು:

'ಮೊದಲು ಊಟ ಹಾಕಿ. ಪ್ರಶ್ನೆ ಆಮೇಲೆ ಕೇಳಿ.'